ನಮ್ಮ ಕಡೆಗೇ ಬಂದ ವಿಮಾನ

ಬನಿಯಾಸ್

ಅಬುಧಾಬಿಗೆ ಹೋಗಿ ನಾನು ಮಾಡಿದ ಮೊದಲ ಕೆಲಸ ವಿಮಾನ ತಳ್ಳಿದ್ದು. ಮೈಸೂರಿನಲ್ಲಿ ಹೀಗೆಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಸರಿಯಾಗಿ ಹೇಳುತ್ತೇನೆ. ಅದು ವಿಮಾನವಲ್ಲ, ಕೆಳಗೆ ಚಕ್ರಗಳಿರುವ ಆಫೀಸ್ ಕುರ್ಚಿ. ಆದರೆ ಅದರಲ್ಲಿ ಕುಳಿತಿದ್ದವಳು ಪೈಲಟ್ ಆಗಲು ಹೊರಟವಳು, ಮತ್ತು ಬನಿಯಾಸ್ ಬಡಾವಣೆಯ ಆ ಅಪಾರ್ಟ್‌ಮೆಂಟಿನ ಕಾರಿಡಾರ್ ಆ ಹೊತ್ತಿಗೆ ರನ್‌ವೇ ಆಗಿತ್ತು.

2010ರ ದಶಕದ ನಡುವಿನ ಒಂದು ಜನವರಿ ಅದು. ನಾನು ದಿನಚರಿ ಬರೆಯುವವಳು, ಆದರೂ ನನ್ನ ನೆನಪನ್ನು ನಂಬುವುದಿಲ್ಲ. ದಿನಚರಿಯನ್ನು ಇನ್ನೂ ಕಡಿಮೆ ನಂಬುತ್ತೇನೆ, ಏಕೆಂದರೆ ಅದನ್ನು ಬರೆದವಳೂ ನಾನೇ. ಆದರೆ ಆ ಕುರ್ಚಿಯ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಟೈಲ್ಸ್ ಮೇಲೆ ಗಡಗಡ ಉರುಳುವ ಸದ್ದು. ಅದನ್ನು ನಾನು ಕಲ್ಪಿಸಿಕೊಂಡಿರಲಾರೆ.

ನನ್ನನ್ನು ಕರೆಸಿಕೊಂಡವಳು ವಾಸಂತಿ. ನಾವಿಬ್ಬರೂ ಮಂಗಳೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ನಾನು ಇತಿಹಾಸ ಪಾಠ ಮಾಡುತ್ತಾ ಮೈಸೂರಿನಲ್ಲಿ ಉಳಿದೆ. ಅವಳು ಉಡುಪಿಯ ಕಡೆಯ ಜಗದೀಶರನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಜಗದೀಶರು ಏಸಿ ರಿಪೇರಿಯ ಕಂಪನಿಯೊಂದರ ಆಫೀಸಿನಲ್ಲಿದ್ದಾರೆ. ಒಬ್ಬಳೇ ಮಗಳು ನಿಖಿತಾ, ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಾನು ಬಂದ ಮೇಲೆ, ಅತಿಥಿಗೆ ತೆಗೆದಿಡುವ ಒಳ್ಳೆಯ ತಟ್ಟೆಯಂತೆ, ಕನ್ನಡ ಹೊರಬಂತು.

ಅವಳು ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಆಕಾಶದಲ್ಲಿ ಅವಳಿಗೆ ಏನೂ ತೊಂದರೆ ಇರಲಿಲ್ಲ. ಇಳಿಸುವುದರಲ್ಲೂ ಇರಲಿಲ್ಲ. ತೊಂದರೆ ಇದ್ದದ್ದು ಹೊರಡುವುದರಲ್ಲಿ.

ಕುರ್ಚಿಯಲ್ಲಿ ಕುಳಿತೇ ಅವಳು ನನಗೆ ಪಾಠ ಮಾಡಿದಳು. "ಆಂಟಿ, ನೆಲದ ಮೇಲೆ ಇರುವಾಗ ಕೈಗೆ ಕೆಲಸವೇ ಇಲ್ಲ. ಎದುರಿಗೆ ಸ್ಟಿಯರಿಂಗ್ ಥರ ಒಂದು ಉಂಟು, ಅದನ್ನು ತಿರುಗಿಸಿದ್ರೆ ವಿಮಾನ ತಿರುಗೂದಿಲ್ಲ. ಎಲ್ಲ ಕಾಲಲ್ಲೇ." ಕೆಳಗೆ ಎರಡು ಪೆಡಲ್. ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟ ಕೂಡಲೇ ವಿಮಾನದ ಮೂತಿ ತಾನಾಗಿ ಎಡಕ್ಕೆ ಎಳೆಯುತ್ತದಂತೆ. ಬಲಗಾಲನ್ನು ಬೇಕಾದಷ್ಟೇ ಒತ್ತಿ ಅದನ್ನು ನೇರ ಇಡಬೇಕು. ತಡವಾದರೆ, ಹೆಚ್ಚಾದರೆ, ಡಾಂಬರು ಬಿಟ್ಟು ಮರಳಿಗೆ.

ನಾನು ಬರುವ ಸ್ವಲ್ಪ ದಿನ ಮೊದಲು ಹಾಗೆಯೇ ಆಗಿತ್ತು. ಏಳುವ ಮೊದಲೇ ವಿಮಾನ ರನ್‌ವೇ ಬಿಟ್ಟು ಮರಳಿಗೆ ನುಗ್ಗಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ಹೋದದ್ದು ಎಡಕ್ಕಲ್ಲ, ಬಲಕ್ಕೆ. ಎಡಕ್ಕೆ ಹೋಗುವುದು ವಿಮಾನದ ಸ್ವಭಾವ, ಬಲಕ್ಕೆ ಹೋಗುವುದು ಯಾರ ಸ್ವಭಾವ ಎಂದು ಅವಳ ಗುರು ಕ್ಯಾಪ್ಟನ್ ರೀಮಾ ಕೇಳಿದರಂತೆ. ರೀಮಾ ಲೆಬನಾನಿನ ಹೆಂಗಸು. ಇಂಥದ್ದು ಮೂರು ಸಲ ಆದರೆ ಮುಂದೆ ಕಲಿಸುವುದಿಲ್ಲ, ಖಲಾಸ್, ಎಂದು ಮೊದಲ ದಿನವೇ ಹೇಳಿದ್ದರು. ಹಾಗೆ ಹೇಳಿ ಇಬ್ಬರನ್ನು ಕಳಿಸಿಯೂ ಇದ್ದರು. ನಿಖಿತಾಳಿಗೆ ಬೇರೆ ಯಾವ ಕೆಲಸದ ಮೇಲೂ ಮನಸ್ಸಿರಲಿಲ್ಲ. ನಾಲ್ಕನೇ ಕ್ಲಾಸಿನಿಂದ ಇದೊಂದೇ.

ಆದ್ದರಿಂದ ಕುರ್ಚಿ. ಜಗದೀಶರೂ ನಾನೂ ಹಿಂದಿನಿಂದ ತಳ್ಳುವುದು, ಅವಳು ಕೈ ಎರಡನ್ನೂ ತೊಡೆಯ ಕೆಳಗಿಟ್ಟು ಬರೀ ಕಾಲಲ್ಲಿ ನೇರ ಹೋಗುವುದು. ನಾನು ಬೇಕೆಂದೇ ಎಡಕ್ಕೆ ಎಳೆಯಬೇಕು, ಅದು ಇಂಜಿನ್ನಿನ ಪಾತ್ರ. ಎರಡನೇ ಸಲ ತಳ್ಳುವಾಗ ಪಕ್ಕದ ಮನೆಯ ಈಜಿಪ್ಟಿನ ಮನುಷ್ಯ ಬಾಗಿಲು ತೆಗೆದ. ಹುಡುಗಿಗೆ ಹುಷಾರಿಲ್ಲವೇ ಎಂದು ಕೇಳಿದ. ಇಲ್ಲ, ಪೈಲಟ್ ಎಂದೆ. ಅವನು ಒಂದು ಗಳಿಗೆ ಯೋಚಿಸಿ, ಬಾಗಿಲ ಎದುರಿದ್ದ ಚಪ್ಪಲಿಗಳನ್ನು ಬದಿಗೆ ಸರಿಸಿ, "ಯಲ್ಲಾ", ಹೊರಡಿ, ಎಂದು ದಾರಿ ಬಿಟ್ಟ.

ದುಬೈ ಸಿಲಿಕಾನ್ ಓಯಸಿಸ್

ಶುಕ್ರವಾರ ದುಬೈಗೆ ಹೋದೆವು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊಸ ಬಾಡಿಗೆ ಫ್ಲ್ಯಾಟಿನಲ್ಲಿ ಹಾಲುಕ್ಕಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಐಟಿ. ಮೈಸೂರಿನ ಅರ್ಧ ಸರಸ್ವತಿಪುರಂ ಅಲ್ಲಿ ಬಂದು ಕೂತಿದೆಯೇನೋ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ ಪ್ರತಿಯೊಬ್ಬರಿಗೂ ಬಲಗಾಲಿಟ್ಟು ಒಳಗೆ ಬರಲು ಹೇಳುತ್ತಿದ್ದರು.

ನಿಖಿತಾ ಹೊಸ್ತಿಲಲ್ಲಿ ನಿಂತು ನಗಲು ಶುರುಮಾಡಿದಳು. "ಕ್ಯಾಪ್ಟನ್ ಕೂಡ ದಿನಾ ಇದನ್ನೇ ಹೇಳೂದು," ಎಂದಳು. ಆ ಹಿರಿಯರು ಬಹಳ ಸಂತೋಷಪಟ್ಟು, ಪರದೇಶದವರಿಗೂ ಇದೆಲ್ಲ ಗೊತ್ತಿದೆ ನೋಡಿ ಎಂದು ಮನೆಯವರಿಗೆಲ್ಲ ಹೇಳಿದರು.

ಹಾಲು ಉಕ್ಕಿತು. ಆಮೇಲೆ ಕರ್ಪೂರ ಹಚ್ಚಿದರು. ಅದರ ಹೊಗೆಗೆ ಮೇಲಿನ ಅಲಾರಂ ಬಡಿದುಕೊಂಡು, ಇಡೀ ಬಿಲ್ಡಿಂಗಿನ ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು. ಇಷ್ಟು ಜನರ ಸಮ್ಮುಖದಲ್ಲಿ ನಡೆದ ಗೃಹಪ್ರವೇಶವನ್ನು ನಾನು ಮೈಸೂರಿನಲ್ಲೂ ಕಂಡಿಲ್ಲ. ವಾಚ್‌ಮನ್ ಬಂದು ಬೈದ. ಅವನ ಕೈಗೆ ಯಾರೋ ಕೇಸರಿಭಾತಿನ ತಟ್ಟೆ ಇಟ್ಟರು. ಅವನು ಬೈಯುತ್ತಲೇ ತಿಂದ.

ಹೊರಡುವಾಗ ಎಲ್ಲರೂ ಲಿಫ್ಟಿನಲ್ಲಿ ಕೆಳಗಿಳಿದು ಬಂದರು. ಕಾರಿನ ಹತ್ತಿರ ನಿಂತು ಇನ್ನೊಮ್ಮೆ ಎಲ್ಲ ಮಾತಾಡಿದರು. ಕಾರು ಚಾಲೂ ಆದ ಮೇಲೂ ಒಂದು ಮಾತು ಉಳಿದಿತ್ತು. ಆ ದಿನ ನಿಖಿತಾಳೇ ಓಡಿಸುತ್ತಿದ್ದಳು. ಕಾರು ಮುಂದೆ ಹೊರಟಿತು, ಅವಳು ತಿರುಗಿ ಕೈ ಬೀಸಿದಳು, ಕಾರು ಮೆಲ್ಲಗೆ ಹೋಗಿ ಒಂದು ಹೂಕುಂಡವನ್ನು ತಾಗಿತು. ಜಗದೀಶರು ಹೂಕುಂಡ ಇಟ್ಟವರನ್ನು ಬೈದರು. ನಾವೆಲ್ಲ ಒಪ್ಪಿದೆವು.

ಬೇಲಿ

ವಿಮಾನ ಕಲಿಸುವ ಜಾಗ ಊರಿನಿಂದ ದೂರ, ಮರಳಿನ ನಡುವೆ ಇತ್ತು. ಒಂದು ಡಾಂಬರು ಪಟ್ಟಿ, ಎರಡು ಶೆಡ್, ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಯ ಚೀಲ, ಉದ್ದಕ್ಕೂ ತಂತಿ ಬೇಲಿ. ವಿಮಾನ ನೋಡಿ ನನಗೆ ನಿರಾಸೆಯೇ ಆಯಿತು. ಅಂಬಾಸಿಡರ್ ಕಾರಿಗೆ ರೆಕ್ಕೆ ಹಚ್ಚಿದ ಹಾಗಿತ್ತು. ನಿಖಿತಾ ಅದರ ಸುತ್ತ ನಡೆದು ಅಲ್ಲಲ್ಲಿ ತಟ್ಟಿ ನೋಡುವುದನ್ನು ಕಂಡಾಗ ಮಾತ್ರ, ಇದು ನಿಜವಾಗಿಯೂ ಮೇಲೆ ಹೋಗುವ ವಸ್ತು ಎಂದು ಹೊಳೆಯಿತು.

ನಾನು ಫೋನ್ ತೆಗೆದ ಕೂಡಲೇ ಕಾವಲಿನವನು ಓಡಿ ಬಂದು "ಫೋಟೋ ಮಾಫಿ" ಎಂದ. ಫೋಟೋ ಇಲ್ಲ ಎಂದರೆ ಇಲ್ಲ. ಹಾಗಾಗಿ ಮುಂದಿನದಕ್ಕೆ ಸಾಕ್ಷಿ ನಮ್ಮ ಕಣ್ಣುಗಳೇ. ಅವು ಎಂಥ ಸಾಕ್ಷಿ ಎನ್ನುವುದು ಆಮೇಲೆ ಗೊತ್ತಾಯಿತು.

ವಾಸಂತಿ, ಜಗದೀಶರು, ನಾನು ಬೇಲಿಗೆ ಒರಗಿ ನಿಂತೆವು. ನಾನು ಬಿಸಿಲಿಗೆ ಕೊಡೆ ಹಿಡಿದಿದ್ದೆ. ವಿಮಾನ ದೂರದ ತುದಿಯಲ್ಲಿ ತಿರುಗಿ ನಿಂತಿತು. ಇಂಜಿನ್ ಗರ್ಜಿಸಿತು. ಓಡಿತು. ನೇರ ಬಂತು, ನೇರ ಬಂತು, ಆಮೇಲೆ ಯಾರೋ ಹೆಗಲು ಹಿಡಿದು ಎಳೆದ ಹಾಗೆ ಓರೆಯಾಯಿತು. ಡಾಂಬರು ಬಿಟ್ಟು ಮರಳು ಎಬ್ಬಿಸುತ್ತಾ ಬಂದು, ಬೇಲಿಯಿಂದ ಸಾಕಷ್ಟು ದೂರದಲ್ಲಿ ನಿಂತುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ ಇಂಜಿನ್ನಿನ ಜೋರು ಇಳಿಸಿ ಬ್ರೇಕ್ ಹಾಕಿದ್ದರು. ಧೂಳು ಇಳಿದಾಗ ನಾನು ನೋಡಿದ್ದು ವಿಮಾನವನ್ನಲ್ಲ, ವಾಸಂತಿಯನ್ನು. ಅವಳು ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತಿದ್ದಳು.

ಅಲ್ಲಿಗೆ ಎರಡಾಯಿತು.

ಕ್ಯಾಂಟೀನಿನಲ್ಲಿ ಕ್ಯಾಪ್ಟನ್ ರೀಮಾ ನಮಗೆಲ್ಲ ಕರಕ್ ಚಹಾ ತರಿಸಿದರು. ಎತ್ತರದ, ನರೆತ ಕೂದಲನ್ನು ಗಂಟು ಕಟ್ಟಿದ ಹೆಂಗಸು. ಬೈಯಲಿಲ್ಲ. ಬೈದಿದ್ದರೆ ನಿಖಿತಾಳಿಗೆ ಸಮಾಧಾನವಾಗುತ್ತಿತ್ತು. ಬೆಳಗಿನ ಪಾಠಗಳಲ್ಲಿ ಬಾಣದ ಹಾಗೆ ಹೋಗುವ ಹುಡುಗಿಗೆ ಇವತ್ತೇನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಾಲು ತಡವಾಯಿತು ಎಂದಳು ನಿಖಿತಾ. ವಿಮಾನ ಯಾವ ಕಡೆ ಹೋಯಿತು ಎಂದು ನಮ್ಮನ್ನು ಕೇಳಿದರು. ನಾನು ಬಲಕ್ಕೆ ಎಂದೆ, ಜಗದೀಶರು ಎಡಕ್ಕೆ ಎಂದರು. ನಾನು ನಿಂತಲ್ಲಿಂದ ಬಲ, ಕೂತವಳಿಗೆ ಎಡ ಎಂದು ಕ್ಯಾಪ್ಟನ್ ತಿದ್ದಿದರು. ಇತಿಹಾಸ ಪಾಠ ಮಾಡುವವಳು ನಾಚಿಕೊಳ್ಳಬೇಕಾದ ಸಾಕ್ಷ್ಯ. ಕಣ್ಣು ಮುಚ್ಚಿದ್ದ ವಾಸಂತಿಯೇ ಕೊನೆಗೆ ಸರಿಯಾದ್ದು ಹೇಳಿದಳು. ಶಬ್ದ ಕೇಳಿ ಹೇಳಿರಬೇಕು.

"ನಮ್ಮ ಕಡೆಗೇ ಬಂತು," ಎಂದಳು.

ಕ್ಯಾಪ್ಟನ್ ಲೋಟ ಕೆಳಗಿಟ್ಟರು. ಹಿಂದಿನ ಸಲ ಬೇಲಿಯ ಹತ್ತಿರ ಯಾರಾದರೂ ಇದ್ದರೇ ಎಂದು ಕೇಳಿದರು. ಜಗದೀಶರು ಕೈ ಎತ್ತಿದರು, ಕ್ಲಾಸಿನ ಹುಡುಗನ ಹಾಗೆ. ಆ ದಿನ ಆಫೀಸಿಗೆ ರಜೆ ಹಾಕಿ ಇದೇ ಬೇಲಿಗೆ ಬಂದಿದ್ದರು. ಗಾಳಿ ಎದುರು ದಿಕ್ಕಿನಿಂದ ಇದ್ದುದರಿಂದ ವಿಮಾನ ಈ ತುದಿಯಿಂದ ಆ ತುದಿಗೆ ಓಡಿತ್ತು, ಬೇಲಿ ಅವಳ ಬಲಕ್ಕೆ ಬಂದಿತ್ತು.

ತಾನು ಯಾರನ್ನೂ ನೋಡಲಿಲ್ಲ ಎಂದಳು ನಿಖಿತಾ. ಪ್ರಮಾಣ ಮಾಡಿದಳು. ಎದುರಿನ ಬಿಳಿ ಗೆರೆಯೊಂದೇ ಕಾಣುತ್ತಿತ್ತು ಎಂದಳು. ಕ್ಯಾಪ್ಟನ್ ತಲೆಯಾಡಿಸಿ, ಚಹಾ ಕುಡಿದು, ಬೇರೆ ಏನೋ ಮಾತಾಡುವವರಂತೆ ಕೇಳಿದರು: "ನೀನು ಪೂರ್ತಿ ಜೋರು ಕೊಟ್ಟಾಗ ನಿನ್ನ ಅಮ್ಮ ಏನು ಮಾಡ್ತಿದ್ರು?"

"ಕಣ್ಣು ಮುಚ್ಚಿದ್ರು," ಎಂದಳು ನಿಖಿತಾ. "ಆಂಟಿಯ ಕೊಡೆ ಗಾಳಿಗೆ ತಿರುಗಿ..."

ಅಲ್ಲಿಗೆ ಬಾಯಿ ಮುಚ್ಚಿಕೊಂಡಳು. ಕೊಡೆ ತಿರುಗಿದ್ದು ನನಗೇ ನೆನಪಿರಲಿಲ್ಲ. ಈಗಲೂ ಇಲ್ಲ. ಆದರೆ ಆಮೇಲೆ ನೋಡಿದರೆ ಕೊಡೆಯ ಒಂದು ಕಡ್ಡಿ ಸೊಟ್ಟಗಾಗಿತ್ತು.

ಮೊದಲು ನಕ್ಕವರು ಕ್ಯಾಪ್ಟನ್. ಆಮೇಲೆ ಜಗದೀಶರು. ಆಮೇಲೆ ನಾವೆಲ್ಲ ಚಹಾ ಚೆಲ್ಲುವಷ್ಟು ನಕ್ಕೆವು, ಅಳುತ್ತಲೇ ನಿಖಿತಾ ಕೂಡ. ಇದು ಕಾಲಿನ ರೋಗವಲ್ಲ, ಕಣ್ಣಿನದು ಎಂದರು ಕ್ಯಾಪ್ಟನ್. ಕಣ್ಣು ಎಲ್ಲಿ ಹೋಗುತ್ತದೋ ಕಾಲು ಅಲ್ಲಿಗೇ ಒತ್ತುತ್ತದಂತೆ, ಯಾರಿಗೂ ಗೊತ್ತಾಗದ ಹಾಗೆ. ಹಾಗೆಂದು ಕ್ಷಮೆ ಸಿಕ್ಕಿತು ಎಂದುಕೊಳ್ಳಬೇಡ, ಎರಡು ಎಂದರೆ ಎರಡೇ, ಎಂದೂ ಹೇಳಿದರು. ಮುಂದಿನ ಸಲ ಹಾರುವುದೇ ಪರೀಕ್ಷೆ, ಇನ್ನು ಮುಂದೆ ಬೇಲಿಯ ಹತ್ತಿರ ಮನೆಯವರು ಯಾರೂ ಬರುವ ಹಾಗಿಲ್ಲ.

ಟೂರಿಸ್ಟ್ ಕ್ಲಬ್ ಏರಿಯಾ

ಅಂದು ಸಂಜೆ ಮಸಾಲೆದೋಸೆ ತಿನ್ನಲು ಟೂರಿಸ್ಟ್ ಕ್ಲಬ್ ಏರಿಯಾಕ್ಕೆ ಹೋದೆವು. ಮದುವೆಯಾದ ಹೊಸದರಲ್ಲಿ ವಾಸಂತಿ ಇದ್ದದ್ದು ಅಲ್ಲಿಯೇ, ಒಂದು ಫ್ಲ್ಯಾಟನ್ನು ಎರಡು ಸಂಸಾರ ಹಂಚಿಕೊಂಡು. ಹೋಟೆಲಿನಲ್ಲಿ ಕೂತವರಲ್ಲಿ ಅರ್ಧ ಜನ ಅವಳಿಗೆ ಗೊತ್ತು. ಸಾಂಬಾರಿಗೆ ಬೆಲ್ಲ ಹಾಕಿದ್ದರು. ಮೈಸೂರಿನವಳು ಏನೂ ಹೇಳಬಾರದೆಂದು ಸುಮ್ಮನಿದ್ದೆ.

ವಾಸಂತಿ ದೋಸೆ ಮುಟ್ಟಲಿಲ್ಲ. ಪರೀಕ್ಷೆಯ ದಿನ ಮನೆಯಲ್ಲೇ ಕೂರಬೇಕು ಎನ್ನುವುದನ್ನು ಅವಳು ಒಪ್ಪಿರಲಿಲ್ಲ.

"ಮನೆಯಿಂದ ಒಬ್ಬರು ಹೊರಡುವಾಗ ಗೇಟಿನ ತನಕ ಬಾರದೆ ಇರುವುದುಂಟಾ ಸುಮಿತ್ರಾ?" ಎಂದು ನನ್ನನ್ನು ಕೇಳಿದಳು. "ಪೇಟೆಗೆ ಹೋಗುವವರನ್ನೇ ನಾವು ಹಾಗೆ ಬಿಡುವುದಿಲ್ಲ. ಇದು ಆಕಾಶಕ್ಕೆ ಹೋಗುವುದು ಮಾರಾಯ್ತಿ."

ಜಗದೀಶರು ಹೆಂಡತಿಯ ದೋಸೆಯನ್ನು ತಮ್ಮ ತಟ್ಟೆಗೆ ಎಳೆದುಕೊಳ್ಳುತ್ತಾ, ತಾವು ಮೊದಲ ಸಲ ಗಲ್ಫಿಗೆ ಹೊರಟ ಕಥೆ ಹೇಳಿದರು. ಬೊಂಬಾಯಿ ಏರ್‌ಪೋರ್ಟಿಗೆ ಚಿಕ್ಕಪ್ಪ, ಚಿಕ್ಕಮ್ಮ, ಅವರ ಚಾಳಿನವರು ಎಲ್ಲ ಬಂದಿದ್ದರಂತೆ. ಗಾಜಿನಾಚೆ ನಿಂತು ಎಲ್ಲರೂ ಕೈ ಬೀಸುವಾಗ ಇವರೂ ಹಿಂದೆ ನೋಡುತ್ತಾ ಮುಂದೆ ನಡೆದರು. "ನೋಡ್ತಾ ನೋಡ್ತಾ ಹೋಗಿ ಮಸ್ಕತ್‌ನ ಲೈನಲ್ಲಿ ನಿಂತಿದ್ದೆ," ಎಂದರು. "ಇವಳ ತಪ್ಪಲ್ಲ ಇದು. ನಮ್ಮ ಮನೆತನದ್ದು."

ನಿಖಿತಾ ನಗಲಿಲ್ಲ. ಅವಳಿಗೆ ನಾವು ಬರುವುದೂ ಬೇಕಿತ್ತು, ಬಾರದಿರುವುದೂ ಬೇಕಿತ್ತು. ನೀವು ಮನೆಯಲ್ಲಿದ್ದರೂ ಬೇಲಿಯಲ್ಲಿ ಇದ್ದೀರೇನೋ ಎಂದು ನೋಡುತ್ತೇನೆ, ನನಗೆ ಗೊತ್ತು ಎಂದಳು. ಕ್ಯಾಪ್ಟನ್ ಹೇಳಿದ ಉಪಾಯ ಒಂದೇ: ಮೂತಿಯ ಎದುರಿನ ಗೆರೆಯನ್ನೂ ನೋಡಬೇಡ, ರನ್‌ವೇ ಮುಗಿದ ಮೇಲೆ ದೂರದಲ್ಲಿ ಒಂಟಿ ಮರ ಇದೆ, ಅದನ್ನೇ ನೋಡು. ಗಾಳಿ ಮರದ ಕಡೆಯಿಂದ ಬೀಸುವ ದಿನವೇ ಪರೀಕ್ಷೆ ಇಡುತ್ತೇನೆ ಎಂದಿದ್ದರಂತೆ.

ಜಗದೀಶರು ಕೈ ತೊಳೆಯಲು ಎದ್ದವರು ಅರ್ಧ ದಾರಿಯಿಂದ ವಾಪಸು ಬಂದರು.

"ಆ ಮರ ಬೇಲಿಯ ಒಳಗುಂಟಾ, ಹೊರಗಾ?"

"ಹೊರಗೆ ಪಪ್ಪಾ. ಒಂಟೆ ಕಟ್ಟುವ ರಸ್ತೆಯಲ್ಲಿ."

"ಹಾಗಾದ್ರೆ ನಾವು ಮರದ ಹತ್ರವೇ ನಿಲ್ಲುವ."

ನಿಖಿತಾ ಅಲ್ಲಿಂದಲೇ ಕ್ಯಾಪ್ಟನ್ನರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.  ಆ ಕಡೆಯಿಂದ ಪಾತ್ರೆಯ ಸದ್ದು ಕೇಳಿಸಿತು, ಅವರೂ ಅಡುಗೆಮನೆಯಲ್ಲಿದ್ದಿರಬೇಕು. ಕೊನೆಗೆ ಸರಿ ಎಂದರು. ಆದರೆ ಕೈ ಬೀಸಬಾರದು, ಕೊಡೆ ತರಬಾರದು.

ವಾಸಂತಿ ಇನ್ನೊಂದು ದೋಸೆ ತರಿಸಿಕೊಂಡಳು.

ಮರ

ಪರೀಕ್ಷೆಯ ದಿನ ಹತ್ತಿರ ಹೋಗಿ ನೋಡಿದರೆ ಅದು ಬನ್ನಿ ಮರ. ಇಲ್ಲಿಯವರು ಘಾಫ್ ಎನ್ನುತ್ತಾರೆ. ಆ ಸಣ್ಣ ಎಲೆ, ಆ ಮುಳ್ಳು ನೋಡಿ ನನಗೆ ಅನುಮಾನ ಬಂದಿತ್ತು. ಊರಿಗೆ ಬಂದ ಮೇಲೆ ನಮ್ಮ ಸಸ್ಯಶಾಸ್ತ್ರದವರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ದಸರೆಯಲ್ಲಿ ಪೂಜೆ ಮಾಡುವ ಮರವನ್ನು ಮರುಭೂಮಿಯಲ್ಲಿ ಒಂಟೆ ತಿನ್ನುತ್ತಿತ್ತು. ನಾನು ಹೇಳಿದ್ದೇ ತಡ, ವಾಸಂತಿ ಚಪ್ಪಲಿ ಬಿಟ್ಟು ಮೂರು ಸುತ್ತು ಬಂದಳು. ಒಂಟೆ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು, ಆದರೆ ಹೋಗಲಿಲ್ಲ. ಕೊನೆಯವರೆಗೂ ನಮ್ಮ ಜೊತೆ ನಿಂತಿತ್ತು.

ನಾವು ಮೂವರೂ ಕೈ ಹಿಂದೆ ಕಟ್ಟಿ ಸಾಲಾಗಿ ನಿಂತೆವು, ಸ್ಕೂಲಿನ ಪ್ರಾರ್ಥನೆಗೆ ನಿಂತ ಹಾಗೆ. ಚಳಿಗಾಲದ ಸಂಜೆ, ಗಾಳಿ ನಮ್ಮ ಬೆನ್ನಿನಿಂದ. ದೂರದಲ್ಲಿ ವಿಮಾನ ಡಾಂಬರಿನಿಂದೇಳುವ ಕಾವಿನಲ್ಲಿ ನೀರೊಳಗಿನ ವಸ್ತುವಿನಂತೆ ಅಲುಗುತ್ತಿತ್ತು. ಓಡಿ ಬಂತು. ಅದು ಓರೆಯಾಗುವುದೇ ಎಂದು ನೋಡುವ ಭರದಲ್ಲಿ ನಾನೇ ಎಡಕ್ಕೆ ವಾಲಿದ್ದೆನಂತೆ. ನೇರ ಬಂತು. ಎದ್ದಿತು. ಮರದ ಮೇಲೆ ಗುಡುಗುತ್ತಾ ದಾಟಿತು. ಸುತ್ತು ಹಾಕಿ ಇಳಿಯಿತು, ಮತ್ತೆ ಓಡಿತು, ಮತ್ತೆ ನೇರ. ಜಗದೀಶರು ಹಲ್ಲು ಕಚ್ಚಿಕೊಂಡೇ ನಗುತ್ತಿದ್ದರು. ವಾಸಂತಿಯ ಕಣ್ಣು ಈ ಸಲ ತೆರೆದೇ ಇತ್ತು, ಅಷ್ಟಂತೂ ನಾನು ನೋಡಿದ್ದೇನೆ.

ಆಮೇಲೆ ವಿಮಾನ ಇಳಿದು ಆ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಮುಗಿಯಿತು, ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಹೊರಟಿತು. ಈ ಸಲ ಅದು ಹಿಂದಿನ ಎರಡು ಸಲಕ್ಕಿಂತ ಬಹಳ ಮೊದಲೇ ನೆಲ ಬಿಟ್ಟಿತು. ಎಷ್ಟು ಹಗುರಾಗಿ ಎದ್ದಿತೆಂದರೆ, ನಮ್ಮ ಮೇಲೆ ಬರುವಾಗ ಗಾಳಿಪಟದಷ್ಟು ಎತ್ತರದಲ್ಲಿತ್ತು.

"ಭಾರ ಕಡಿಮೆ ಆದ ಹಾಗುಂಟಲ್ಲ," ಎಂದರು ಜಗದೀಶರು.

ಆಗ ನಾನು ರನ್‌ವೇ ಕಡೆ ನೋಡಿದೆ. ಡಾಂಬರಿನ ಪಕ್ಕ ಮರಳಿನಲ್ಲಿ ಬಿಳಿ ಅಂಗಿಯ ಎತ್ತರದ ಹೆಂಗಸೊಬ್ಬಳು, ಕೈಯಲ್ಲಿ ರೇಡಿಯೋ ಹಿಡಿದು, ಆಕಾಶ ನೋಡುತ್ತಾ ನಿಂತಿದ್ದಳು.

"ಅದು ಕ್ಯಾಪ್ಟನ್ ಅಲ್ವಾ?" ಎಂದೆ.

ವಾಸಂತಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಹೌದು ಎಂದಳು. ಆಮೇಲೆ ಬಹಳ ಮೆಲ್ಲಗೆ, "ಹಾಗಾದ್ರೆ ಒಳಗೆ ಯಾರಿರುವುದು?"

 ಒಳಗೆ ನಿಖಿತಾ ಒಬ್ಬಳೇ. ಪರೀಕ್ಷೆ ಆ ಎರಡು ಸುತ್ತಿನಲ್ಲೇ ಮುಗಿದು, ಗುರು ಇಳಿದು, ಅವಳನ್ನು ಒಂಟಿಯಾಗಿ ಕಳಿಸಿದ್ದರು. ಜಗದೀಶರು ಒಮ್ಮೆ ಕೂಗಿದರು, ಯಾವ ಭಾಷೆಯಲ್ಲೋ ಗೊತ್ತಿಲ್ಲ. ನಾವು ಮೂವರೂ ಕಾರಿಗೆ ಓಡಿದೆವು. ಅವಳು ಇಳಿಯುವಾಗ ಅಲ್ಲಿರಬೇಕಲ್ಲ. ಆ ಆತುರದಲ್ಲಿ ಜಗದೀಶರು ರಸ್ತೆ ಬಿಟ್ಟು ಮರಳಿನಲ್ಲಿ ಕಾರು ತಿರುಗಿಸಿದರು, ಹಿಂದಿನ ಎರಡು ಚಕ್ರವೂ ಹೂತವು. ಇಳಿದು ತಳ್ಳಿದೆವು. ವಾಸಂತಿ ನಗುತ್ತಾ ತಳ್ಳಿದಳು, ತಳ್ಳುತ್ತಾ ಅತ್ತಳು, ನನ್ನ ಬಾಯಿ ತುಂಬಾ ಮರಳು. ಕೊನೆಗೆ ಒಂಟೆಗಳ ಮೇವು ಸಾಗಿಸುವ ಪಠಾಣನೊಬ್ಬ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆದ. ಅಷ್ಟರಲ್ಲಿ ವಿಮಾನ ಇಳಿದಾಗಿತ್ತು. ಅದು ಹೇಗೆ ಇಳಿಯಿತೆಂದು ನಮ್ಮಲ್ಲಿ ಯಾರೂ ನೋಡಿಲ್ಲ. ಆದರೂ ಅದರ ಚಕ್ರ ನೆಲ ಮುಟ್ಟಿದ್ದು, ಒಂದು ಚೂರು ಧೂಳು ಎದ್ದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇಂಥ ನೆನಪುಗಳೊಂದಿಗೆ ಏನು ಮಾಡಬೇಕೋ ತಿಳಿಯದು.

ಶೆಡ್ಡಿನ ಎದುರು ನಿಖಿತಾ ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತಾ ನಿಂತಿದ್ದಳು. ಮೊದಲ ಸಲ ಒಬ್ಬರೇ ಹಾರಿ ಬಂದವರ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿಯುವುದು ಅಲ್ಲಿಯವರ ಪದ್ಧತಿಯಂತೆ. ಸುರಿದವರು ಕ್ಯಾಪ್ಟನ್. ವಾಸಂತಿ ಮಗಳನ್ನು ಅಪ್ಪಿಕೊಳ್ಳಲಿಲ್ಲ. ನೇರ ಹೋಗಿ, ಶಾಲು ತೆಗೆದು ಅವಳ ತಲೆ ಒರೆಸಲು ಶುರುಮಾಡಿದಳು. ಒರೆಸುತ್ತಲೇ ಕ್ಯಾಪ್ಟನ್ ಕಡೆ ತಿರುಗಿ, ಸಂಜೆ ಹೊತ್ತಿಗೆ ಮಕ್ಕಳ ತಲೆಗೆ ಯಾರಾದರೂ ತಣ್ಣೀರು ಹಾಕುತ್ತಾರಾ, ನಾಳೆ ನೆಗಡಿಯಾದರೆ ಯಾರು ನೋಡುವುದು ಎಂದು ತುಳುವಿನಲ್ಲಿ ಗದರಿಸಿದಳು. ಕ್ಯಾಪ್ಟನ್ ಒಂದೊಂದು ಮಾತಿಗೂ ತಲೆ ತಗ್ಗಿಸಿ ಹೂಂಗುಟ್ಟಿದರು. ಅವರಿಗೂ ಒಬ್ಬ ತಾಯಿ ಇದ್ದಿರಬೇಕು.

ಶಾಲಿನ ಒಳಗಿನಿಂದ ನಿಖಿತಾ ಕೇಳಿದಳು. "ಮಮ್ಮಿ, ನೀವು ಮರದ ಹತ್ರ ಬಂದಿರ್ಲಿಲ್ವಾ?"

"ಅಲ್ಲೇ ಇದ್ದೆವಲ್ಲ. ಮೂರು ಜನ."

"ನಂಗೆ ಕಾಣಲೇ ಇಲ್ಲ. ಮರ ಕಾಣ್ತಿತ್ತು. ಒಂದು ಒಂಟೆ ಕಾಣ್ತಿತ್ತು."

ವಾಸಂತಿಯ ಕೈ ಒಂದು ಗಳಿಗೆ ನಿಂತಿತು. ಅವಳು ಜಗದೀಶರನ್ನು ನೋಡಿದಳು, ಅವರು ಬೇರೆಲ್ಲೋ ನೋಡಿದರು. ಆಮೇಲೆ ಅವಳು ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲಿಗಿಂತ ಜೋರಾಗಿ ಒರೆಸತೊಡಗಿದಳು.